ಬಿಳಿ ಕಂಡಿದ್ದೆಲ್ಲ ಹಿಟ್ಟು ತಿಗಣೆ ಅಲ್ಲ

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ನಮ್ಮದು ಎರಡು ಎಕರೆ ದ್ರಾಕ್ಷಿ ಪಡ. ಥಾಂಪ್ಸನ್ ಸೀಡ್‌ಲೆಸ್, ಎಲ್ಲಾ ಒಣದ್ರಾಕ್ಷಿಗೇ ಹೋಗುತ್ತದೆ. ಮೂರು ವರ್ಷದ ಹಿಂದೆ ಫೆಬ್ರವರಿಯಲ್ಲಿ ಒಂದು ಗೊನೆ ಹಿಡಿದೆ, ಬೆರಳೆಲ್ಲ ಅಂಟು ಅಂಟು. ಕಾಯಿಗಳ ಸಂದಿಯಲ್ಲಿ ಹತ್ತಿ ತುರುಕಿದ ಹಾಗೆ ಹಿಟ್ಟು ತಿಗಣೆ, ಅಂದರೆ ಗಿಡದ ರಸ ಹೀರುವ ಬಿಳಿ ಕೀಟ, ಕೂತಿತ್ತು. ಅದು ಬಿಟ್ಟ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು. ಅಂಥ ಗೊನೆ ಒಣಗಿಸಿದರೂ ಬಣ್ಣ ಬರುವುದಿಲ್ಲ. ಎಷ್ಟೋ ಬುಟ್ಟಿ ತಿಪ್ಪೆಗೆ ಸುರಿದೆವು. ಹೊಟ್ಟೆ ಉರಿಯಿತು.

ಔಷಧಿ ಹೊಡೆದಿದ್ದೇನೂ ಕಮ್ಮಿ ಇರಲಿಲ್ಲ. ಆದರೆ ಅದರ ಮೈಮೇಲೆ ಮೇಣದ ಪುಡಿ, ಮೊಟ್ಟೆಗಳಿಗೆ ಹತ್ತಿಯಂಥ ಚೀಲ. ಒಂದೊಂದು ಚೀಲದಲ್ಲಿ ನೂರಾರು ಮೊಟ್ಟೆ. ಉಳಿದವು ಒಣ ತೊಗಟೆಯ ಅಡಿ ಅಡಗಿರುತ್ತವೆ. ಔಷಧಿ ತಾಗುವುದಾದರೂ ಎಲ್ಲಿಗೆ? ಕಟಾವು ಹತ್ತಿರ ಬಂದಾಗ ಹೊಡೆದರೆ ಹಣ್ಣಿನಲ್ಲೇ ವಿಷ ಉಳಿಯುತ್ತದೆ.

ಆ ಏಪ್ರಿಲ್ ಚಾಟ್ನಿ (ಬಳ್ಳಿ ಕತ್ತರಿಸುವ ಕೆಲಸ) ಆದ ಮೇಲೆ ಪ್ರತಿ ಬಳ್ಳಿಯ ಸಡಿಲ ತೊಗಟೆ ಸುಲಿಸಿ ಸುಟ್ಟೆ. ಇರುವೆಗಳ ಕಡೆ ಗಮನ ಹೋದದ್ದೂ ಆಗಲೇ. ಸಿಹಿ ಅಂಟಿನ ಆಸೆಗೆ ಅವು ಹಿಟ್ಟು ತಿಗಣೆಯನ್ನು ಕಾಯುತ್ತವೆ, ತಿನ್ನಲು ಬಂದ ಹುಳುಗಳನ್ನು ಓಡಿಸುತ್ತವೆ. ಕಾಂಡಕ್ಕೆ ಅಂಟುಪಟ್ಟಿ ಸುತ್ತಿದೆ. ವಾರ ಕಳೆದರೂ ಮೇಲೆ ಇರುವೆ ಇದ್ದವು. ಕೂತು ನೋಡಿದೆ: ಕಂಬ ಹತ್ತಿ, ತಂತಿ ಹಿಡಿದು ಸಾಲಾಗಿ ಬರುತ್ತಿದ್ದವು! ಕಂಬಗಳಿಗೂ ಪಟ್ಟಿ ಸುತ್ತಿ, ಬಳ್ಳಿಗೆ ತಾಗುವ ಕಳೆ ಕಿತ್ತ ಮೇಲೆ ನಿಂತಿತು.

ಅಕ್ಟೋಬರ್ ಚಾಟ್ನಿ ಮುಗಿದು ಕಾಯಿ ಕಟ್ಟಿದ ಮೇಲೆ ಹಿಟ್ಟು ತಿಗಣೆ ತಿನ್ನುವ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳು ತಂದು, ಬಳ್ಳಿಗೆ ಹತ್ತರಂತೆ ಸಂಜೆ ಹೊತ್ತು ಬಿಟ್ಟೆ. ಕಪ್ಪು ಮೈ, ಕಂದು ತಲೆ. ಕಾಫಿ ಗಿಡದ ಹಸಿರು ಶಲ್ಕ ಕೀಟ ತಿನ್ನಲಿ ಅಂತ 1898ರಲ್ಲಿ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತಂದ ಹುಳು ಇದು.

ಎರಡು-ಮೂರು ವಾರ ಆಗಿರಬೇಕು. ಕೆಲಸಕ್ಕೆ ಬಂದಿದ್ದ ಅಕ್ಕ ಕೂಗಿದರು: "ಅಣ್ಣಾರ, ಹಿಟ್ಟು ತಿಗಣಿಗೆ ಕೂದಲಾ ಬಂದಾವ್ ನೋಡ್ರಿ, ದೊಡ್ಡೂ ಆಗ್ಯಾವು!" ಔಷಧಿ ಕಲಸೋಣ ಅಂತ ಡ್ರಮ್ಮಿಗೆ ನೀರೂ ಬಿಟ್ಟಿದ್ದೆ. ಸುಮ್ನೆ ಒಂದು ಎಲೆ ಕಿತ್ತು ಅಂಗೈ ಮೇಲೆ ಇಟ್ಟುಕೊಂಡೆ. ಎಲೆ ಮೇಲಿದ್ದ ಹುಳುವಿಗೆ ಮೈತುಂಬ ಬಿಳಿ ಜಡೆಯಂಥ ಮೇಣ, ಅದು ಹಿಟ್ಟು ತಿಗಣೆಯ ಮೂರು ಪಟ್ಟು ಉದ್ದ. ಸರಸರ ನಡೆದು ಹೋಗಿ ಒಂದು ಮೊಟ್ಟೆ ಚೀಲಕ್ಕೆ ಬಾಯಿ ಹಾಕಿತು. ಅದು ನಾನೇ ಬಿಟ್ಟ ಹುಳುವಿನ ಮರಿ! ಹಿಟ್ಟು ತಿಗಣೆಯನ್ನು ಮುಟ್ಟಿದರೆ ನಿಧಾನಕ್ಕೆ ಅಲುಗುತ್ತದೆ, ಹೀಗೆ ಓಡುವುದಿಲ್ಲ. ಆ ದಿನ ಔಷಧಿ ಹೊಡೆದಿದ್ದರೆ ಅಷ್ಟೂ ಮರಿ ಸಾಯುತ್ತಿದ್ದವು.

ಕಳೆದ ಹಂಗಾಮಿನಲ್ಲಿ ತಿಪ್ಪೆಗೆ ಹೋದದ್ದು ಎರಡೇ ಬುಟ್ಟಿ. ಈಗ ಬಾವಿ ಪಕ್ಕದ ದಾಸವಾಳವನ್ನೂ ವಾರಕ್ಕೊಮ್ಮೆ ನೋಡುತ್ತೇನೆ. ಪಡಕ್ಕಿಂತ ಮೊದಲು ಹಿಟ್ಟು ತಿಗಣೆ ಕಾಣುವುದು ಅಲ್ಲೇ.