ಕಂಪ್ಯೂಟರ್ ಸ್ತಬ್ಧವಾದರೆ ಹೀಟರ್ ಏನು ಮಾಡಬೇಕು?

ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ಬಿಸಿನೀರಿನ ಟೆಸ್ಟ್ ರಿಗ್ ಮಾಡಿಕೊಟ್ಟೆ. ಹೀಟರ್, ನೀರು ಸುತ್ತಿಸುವ ಪಂಪು, ಒಂದು ಅಲಾರಂ. ಮೂರನ್ನೂ ನಡೆಸೋದು ಡೇಟಾ ಅಕ್ವಿಸಿಷನ್ ಬೋರ್ಡಿನ, ಅಂದರೆ ಸೆನ್ಸರ್‌ಗಳನ್ನು ಓದಿ ಕಂಪ್ಯೂಟರಿಗೆ ಜೋಡಿಸುವ ಬೋರ್ಡಿನ, ಡಿಜಿಟಲ್ (ಆನ್/ಆಫ್) ಔಟ್‌ಪುಟ್‌ಗಳು. ಪ್ರೋಗ್ರಾಂ ಬರೆಯೋಕೆ ಮೊದಲೇ ಒಂದು ವಿಷಯ ತೀರ್ಮಾನ ಮಾಡಿಕೊಂಡೆ: ಕಂಪ್ಯೂಟರ್ ಹ್ಯಾಂಗ್ ಆದರೆ, ಕೇಬಲ್ ಕಿತ್ತು ಬಂದರೆ, ಕರೆಂಟ್ ಹೋಗಿ ಬಂದರೆ ಯಾವುದು ಯಾವ ಸ್ಥಿತಿಯಲ್ಲಿರಬೇಕು?

'ಎಲ್ಲಾ ಆಫ್ ಮಾಡಿಬಿಡಿ' ಅಂತ ತುಂಬಾ ಜನ ಹೇಳುತ್ತಾರೆ. ಅದು ಸಾಲದು. ಹೀಟರ್ ಆಫ್ ಆಗಲೇಬೇಕು, ನಿಜ. ಆದರೆ ಅದರ ಜೊತೆ ಪಂಪೂ ನಿಂತರೆ, ಕಾದ ಎಲಿಮೆಂಟಿನ ಸುತ್ತಲಿನ ನೀರು ಅಲ್ಲೇ ಕುದಿಯೋಕೆ ಶುರುವಾಗಬಹುದು. ಹಾಗಾಗಿ ಪಂಪಿಗೆ ರಿಲೇಯ (ಕಾಯಿಲ್ ಎಳೆದು ನಡೆಸುವ ಸ್ವಿಚ್ಚಿನ) ನಾರ್ಮಲಿ ಕ್ಲೋಸ್ಡ್ ಕಾಂಟ್ಯಾಕ್ಟಿನಿಂದ, ಅಂದರೆ ಕಾಯಿಲಿಗೆ ಕರೆಂಟ್ ಇಲ್ಲದಾಗ ಕೂಡಿಕೊಂಡೇ ಇರುವ ಕಾಂಟ್ಯಾಕ್ಟಿನಿಂದ, ಲೈನ್ ಕೊಟ್ಟೆ. ಬೋರ್ಡು ಸತ್ತರೂ ಪಂಪು ಓಡುತ್ತದೆ. ಅಲಾರಂ ರಿಲೇಯೂ ಹಾಗೇ. ಎಲ್ಲ ಸರಿ ಇದ್ದಾಗ ಎಳೆದುಕೊಂಡಿರುತ್ತದೆ, ಬಿಟ್ಟ ತಕ್ಷಣ ಕೂಗುತ್ತದೆ.

ಪವರ್ ಬಂದ ಮೊದಲ ಕ್ಷಣವನ್ನೂ ನೋಡಬೇಕು. ರೀಸೆಟ್ ಸಮಯದಲ್ಲಿ ಮೈಕ್ರೋಕಂಟ್ರೋಲರಿನ (ಬೋರ್ಡನ್ನು ನಡೆಸುವ ಚಿಪ್ಪಿನ) ಪಿನ್‌ಗಳು ಸಾಮಾನ್ಯವಾಗಿ ಇನ್‌ಪುಟ್ ಆಗಿರುತ್ತವೆ, ಅಂದರೆ ಅವು ಯಾವ ಕಡೆಗೂ ಎಳೆಯುತ್ತಿರುವುದಿಲ್ಲ. ಆಗಲೂ ಹೀಟರ್ ಆಫ್ ಆಗಿಯೇ ಇರಲಿ ಅಂತ, ಅದರ ಕಡೆಯ ಮಾಸ್‌ಫೆಟ್ (ಸ್ವಿಚ್ ಆಗಿ ಕೆಲಸ ಮಾಡುವ ಟ್ರಾನ್ಸಿಸ್ಟರ್) ಗೇಟಿನಿಂದ ಗ್ರೌಂಡಿಗೆ 10 ಕಿಲೋಓಮ್ ರೆಸಿಸ್ಟರ್ ಹಾಕಿದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರೋಡಿನಲ್ಲಿ ಸಿಗುವ ರಿಲೇ ಬೋರ್ಡುಗಳಲ್ಲಿ ಬಹಳಷ್ಟು, ಸಿಗ್ನಲ್ ಲೋ ಆದಾಗ ಆನ್ ಆಗುವಂಥವು. ಅಲ್ಲಿ ರೆಸಿಸ್ಟರ್ ಪ್ಲಸ್ ಕಡೆಗೆ ಹೋಗಬೇಕು. ಕರೆಂಟ್ ವಾಪಸ್ ಬಂದಾಗ ಹೀಟರ್ ತಾನಾಗೇ ಹತ್ತಬಾರದು, ಯಾರಾದರೂ ಸ್ಟಾರ್ಟ್ ಬಟನ್ ಒತ್ತಬೇಕು.

ವಾಚ್‌ಡಾಗ್ ಬೋರ್ಡಿನಲ್ಲೇ ಇದೆ, 2 ಸೆಕೆಂಡಿಗೆ ಇಟ್ಟಿದ್ದೇನೆ: ಅಷ್ಟರೊಳಗೆ ಪ್ರೋಗ್ರಾಮಿನಿಂದ ಸಿಗ್ನಲ್ ಬರದಿದ್ದರೆ ಅದು ಔಟ್‌ಪುಟ್‌ಗಳನ್ನು ಸುರಕ್ಷಿತ ಸ್ಥಿತಿಗೆ ತರುತ್ತದೆ. ಪ್ರೋಗ್ರಾಂ ತಾಪಮಾನ ಓದಿ, ಅದು ನಂಬುವಂಥ ಅಂಕಿ ಅಂತ ನೋಡಿದ ಮೇಲಷ್ಟೇ ಅದಕ್ಕೆ ಸಿಗ್ನಲ್ ಕಳಿಸುತ್ತದೆ. ಟೈಮರಿನಿಂದ ಸುಮ್ನೆ ಕಳಿಸಿದರೆ, ಮುಖ್ಯ ಲೂಪ್ ಎಲ್ಲೋ ಸಿಕ್ಕಿಹಾಕಿಕೊಂಡಿದ್ದರೂ ಸಿಗ್ನಲ್ ಹೋಗುತ್ತಲೇ ಇರುತ್ತದೆ. ಕಾವಲುಗಾರ ನಿದ್ದೆಯಲ್ಲೂ ಸೀಟಿ ಊದಿದ ಹಾಗೆ, ಅಲ್ವಾ? ಇಷ್ಟೆಲ್ಲಾ ಇದ್ದರೂ ಹೀಟರ್ ಲೈನಿನಲ್ಲಿ ಪ್ರತ್ಯೇಕ ಥರ್ಮೋಸ್ಟಾಟ್ ಬೇಕೇ ಬೇಕು. ಅದಕ್ಕೆ ಸಾಫ್ಟ್‌ವೇರಿನ ಹಂಗಿಲ್ಲ.

ಇದೆಲ್ಲ ಔಟ್‌ಪುಟ್ ಕಡೆ. ಇನ್‌ಪುಟ್ ಕಡೆ, ಸುಳ್ಳು ಸಿಗ್ನಲ್ ತಡೆಯುವ ಫಿಲ್ಟರ್ ಆರಿಸೋದೇ ನನಗೆ ಇಷ್ಟದ ಕೆಲಸ. ರಿಗ್ಗಿನ ಬಾಗಿಲು ಮುಚ್ಚಿದೆಯೇ ಅಂತ ಹೇಳುವ ಲಿಮಿಟ್ ಸ್ವಿಚ್ಚಿನ ಕಾಂಟ್ಯಾಕ್ಟ್ ಕೆಲವು ಮಿಲಿಸೆಕೆಂಡ್ ಅದುರುತ್ತದೆ, ಜೊತೆಗೆ ಕಾಂಟ್ಯಾಕ್ಟರಿನ (ದೊಡ್ಡ ರಿಲೇಯ) ಕಾಯಿಲ್ ಬಿಡುವ ವಿದ್ಯುತ್ ನಾಯ್ಸ್ ವೈರಿಗೆ ಸೇರುತ್ತದೆ. ಇಲ್ಲಿಗೆ 10 ಕಿಲೋಓಮ್, 1 ಮೈಕ್ರೋಫ್ಯಾರಡ್, ಅಂದರೆ 10 ಮಿಲಿಸೆಕೆಂಡ್ ಟೈಮ್ ಕಾನ್ಸ್ಟಂಟ್ (ಎರಡರ ಗುಣಲಬ್ಧ; ಇದಕ್ಕಿಂತ ತೀರಾ ಚಿಕ್ಕ ಬದಲಾವಣೆ ದಾಟುವುದಿಲ್ಲ). ಆಮೇಲೆ ಒಂದು ಷ್ಮಿಟ್ ಟ್ರಿಗರ್, ಅಂದರೆ ನಿಧಾನವಾಗಿ ಏರಿಳಿಯುವ ವೋಲ್ಟೇಜನ್ನು ಸ್ಪಷ್ಟ ಆನ್/ಆಫ್ ಮಾಡುವ ಸರ್ಕ್ಯೂಟ್. ಬಾಗಿಲಿಗೆ ಅವಸರವಿಲ್ಲ.

ಅದೇ ಫಿಲ್ಟರನ್ನು ನೀರಿನ ಹರಿವು ಅಳೆಯುವ ಫ್ಲೋ ಸೆನ್ಸರಿಗೆ ಹಾಕಿದರೆ ಲೆಕ್ಕವೇ ಕೆಡುತ್ತದೆ. ವೈಎಫ್-ಎಸ್201 ಸೆನ್ಸರು ನಿಮಿಷಕ್ಕೆ 1 ಲೀಟರ್ ಹರಿವಿಗೆ ಸುಮಾರು 7.5 ಹರ್ಟ್ಸ್ ಪಲ್ಸ್ ಕೊಡುತ್ತದೆ. ನಿಮಿಷಕ್ಕೆ 20 ಲೀಟರ್ ಹರಿದರೆ 150 ಹರ್ಟ್ಸ್, ಒಂದು ಪಲ್ಸಿನಿಂದ ಇನ್ನೊಂದಕ್ಕೆ 6.7 ಮಿಲಿಸೆಕೆಂಡ್. 10 ಮಿಲಿಸೆಕೆಂಡಿನ ಫಿಲ್ಟರ್ ಅವನ್ನೆಲ್ಲ ನುಂಗಿಹಾಕುತ್ತದೆ, ನೀರು ರಭಸವಾಗಿ ಹರಿಯುತ್ತಿದ್ದರೂ ಪರದೆ ಮೇಲೆ ಸೊನ್ನೆ. ಅದಕ್ಕೇ ಅಲ್ಲಿ 1 ಕಿಲೋಓಮ್, 0.1 ಮೈಕ್ರೋಫ್ಯಾರಡ್, ಅಂದರೆ 0.1 ಮಿಲಿಸೆಕೆಂಡ್. ಅಷ್ಟರಲ್ಲೂ ಉಳಿದ ಸಣ್ಣ ಚುಚ್ಚುಗಳನ್ನು, 1 ಮಿಲಿಸೆಕೆಂಡಿಗಿಂತ ಚಿಕ್ಕ ಪಲ್ಸ್ ಎಣಿಸಬೇಡ ಅಂತ ಪ್ರೋಗ್ರಾಮಿನಲ್ಲೇ ತಡೆದಿದ್ದೇನೆ.