ಘಟದ ಪೆಟ್ಟು ಹಿಡಿದುಕೊಟ್ಟ ತಪ್ಪು

ನಾನೇ ಕಟ್ಟಿದ ವಾಲ್ವ್ ಫೋನೋ ಪ್ರೀಆಂಪ್, ಅಂದ್ರೆ ರೆಕಾರ್ಡ್ ಪ್ಲೇಯರ್ ಸೂಜಿಯ ಸಣ್ಣ ಸಿಗ್ನಲನ್ನು ಗಾಜಿನ ವಾಲ್ವ್‌ಗಳಿಂದ ಏರಿಸುವ ಪೆಟ್ಟಿಗೆ, ಮೊದಲ ದಿನವೇ ಇಂಪಾಗಿ ಕೇಳಿಸಿತು. ವೀಣೆಯ ಮಂದ್ರ ತಂತಿ ತುಂಬಿಕೊಂಡು ಬರುತ್ತಿತ್ತು. ಹಳೆಯ ಎಲ್‌ಪಿಗಳ ಚಟಪಟ ಸದ್ದೂ ಮೆತ್ತಗಾಗಿತ್ತು. ವಾಲ್ವ್ ದನಿ ಅಂದ್ರೆ ಇದೇ ಅಂತ ಎರಡು ತಿಂಗಳು ನಂಬಿದ್ದೆ.

ಅನುಮಾನ ಹುಟ್ಟಿದ್ದು ತನಿ ಆವರ್ತನ (ಕಛೇರಿಯಲ್ಲಿ ತಾಳವಾದ್ಯಗಳಷ್ಟೇ ನುಡಿಯುವ ಭಾಗ) ಕೇಳುವಾಗ. ಘಟದ ‘ಟಣ್’ ಅನ್ನುವ ಪೆಟ್ಟು ಮಡಕೆಗೆ ಬಟ್ಟೆ ಸುತ್ತಿದ ಹಾಗಿತ್ತು. ತಂಬೂರಿಯೂ ಅಷ್ಟೇ. ಶ್ರುತಿ ಇತ್ತು, ಝೇಂಕಾರ ಇರಲಿಲ್ಲ.

ಸರ್ಕ್ಯೂಟ್ ಎಲ್ಲರಿಗೂ ಗೊತ್ತಿರುವಂಥದ್ದೇ. ಚಾನೆಲ್‌ಗೆ ಒಂದು ಇಸಿಸಿ83 ವಾಲ್ವ್, ಅದರೊಳಗಿನ ಎರಡು ಟ್ರಯೋಡ್‌ಗಳೇ (ಸಿಗ್ನಲ್ ಏರಿಸುವ ಘಟಕಗಳು) ಎರಡು ಹಂತ. ನಡುವೆ ಆರ್‌ಐಎಎ ನೆಟ್‌ವರ್ಕ್, ಅಂದ್ರೆ ರೆಕಾರ್ಡ್‌ನ ದನಿಯನ್ನು ಸಮಕ್ಕೆ ತರುವ ರೆಸಿಸ್ಟರ್-ಕೆಪಾಸಿಟರ್‌ಗಳ ಜೋಡಣೆ. ರೆಕಾರ್ಡ್ ಕೊರೆಯುವಾಗ ಬೇಸ್ ತಗ್ಗಿಸಿ, ಟ್ರೆಬಲ್ ಏರಿಸಿರುತ್ತಾರೆ. ಕೇಳುವಾಗ ನಾವು ಅದನ್ನು ಉಲ್ಟಾ ಮಾಡಬೇಕು. ಅದಕ್ಕೆ 3180, 318 ಮತ್ತು 75 ಮೈಕ್ರೋಸೆಕೆಂಡ್ ಅಂತ ಮೂರು ಅಳತೆಗಳಿವೆ. ನಾನು 470ಕೆ, 68ಕೆ (ಕೆ ಅಂದ್ರೆ ಕಿಲೋಓಮ್) ರೆಸಿಸ್ಟರ್, 4.7 ಮತ್ತು 1.6 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿದ್ದೆ. ಕಾಗದದ ಮೇಲೆ ಎಲ್ಲಾ ಸರಿ ಇತ್ತು.

ಆ ಲೆಕ್ಕದಲ್ಲಿ ವಾಲ್ವೇ ಇರಲಿಲ್ಲ. ಮೊದಲ ಹಂತದ ಔಟ್‌ಪುಟ್‌ಗೂ ರೆಸಿಸ್ಟೆನ್ಸ್ ಇದೆ. 100ಕೆ ಆನೋಡ್ ರೆಸಿಸ್ಟರ್ ಹಾಕಿದರೆ ಅದು ಸುಮಾರು 38ಕೆ. ಅದು ನನ್ನ 470ಕೆಗೆ ಸೇರಿಕೊಂಡು ಬೇಸ್ ಸ್ವಲ್ಪ ಮೇಲೆದ್ದಿತ್ತು. ಎರಡನೇ ಹಂತದ್ದು ಇನ್ನೊಂದು ಕಥೆ. ವಾಲ್ವ್‌ನೊಳಗೆ ಸಿಗ್ನಲ್ ಒಳಬರುವ ಗ್ರಿಡ್‌ಗೂ ಹೊರಹೋಗುವ ಆನೋಡ್‌ಗೂ ನಡುವೆ ಇರುವುದು ಬರೀ 1.6 ಪಿಕೋಫ್ಯಾರಡ್ (ನ್ಯಾನೋದ ಸಾವಿರದಲ್ಲೊಂದು ಪಾಲು ಒಂದು ಪಿಕೋ). ಆದರೆ ಆ ಹಂತ ಸಿಗ್ನಲನ್ನು 60 ಪಟ್ಟು ಏರಿಸುವಾಗ ಅದು 100 ಪಿಕೋಫ್ಯಾರಡ್‌ನಂತೆ ವರ್ತಿಸುತ್ತದೆ. ಇದನ್ನೇ ಮಿಲ್ಲರ್ ಎಫೆಕ್ಟ್ ಅನ್ನುವುದು. ವೈರಿಂಗ್ ಸೇರಿದರೆ ಹತ್ತಿರ ಹತ್ತಿರ 130 ಪಿಕೋ. ಇದು ನನ್ನ 1.6 ನ್ಯಾನೋಗೆ ಸೇರಿಕೊಂಡು ಟ್ರೆಬಲ್ ತಗ್ಗಿಸುತ್ತದೆ. ಇದರ ಮೇಲೆ, 1.5 ನ್ಯಾನೋಗೆ 100 ಪಿಕೋ ಜೋಡಿಸಿ ಮಾಡಿದ್ದ ನನ್ನ ‘1.6 ನ್ಯಾನೋ’ ಮೀಟರ್‌ನಲ್ಲಿ 1.72 ತೋರಿಸಿತು. 10% ಟಾಲರೆನ್ಸ್ (ಬರೆದ ಅಂಕಿಯಿಂದ ಅಷ್ಟು ಆಚೀಚೆ ಇರಬಹುದು) ಅಂದ್ರೆ ಅದೇ ಅಲ್ವಾ! ಲೆಕ್ಕ ಹಾಕಿದೆ: 10 ಕಿಲೋಹರ್ಟ್ಸ್ ಹತ್ತಿರ ಸುಮಾರು ಒಂದು ಡೆಸಿಬೆಲ್ ಕಡಿಮೆ. ಅಂಕಿ ಅಲ್ಪ ಅನ್ನಿಸಬಹುದು. ಆದರೆ ಟ್ರೆಬಲ್ ಪೂರ್ತಿ ಹೀಗೆ ಜಾರಿದರೆ ಕಿವಿಗೆ ಖಂಡಿತ ಗೊತ್ತಾಗುತ್ತದೆ.

ವಾಲ್ವ್‌ನ 38ಕೆ ಸೇರಿ 470ಕೆ ಹತ್ತಿರ ಬರಲಿ ಅಂತ 470ಕೆ ತೆಗೆದು 430ಕೆ ಹಾಕಿದೆ. ಅದರ ಜಾಗವನ್ನು ವಾಲ್ವೇ ತುಂಬುತ್ತದಾದ್ದರಿಂದ 100 ಪಿಕೋ ಕಿತ್ತೆ. ಕೈಯಲ್ಲಿದ್ದ ಕೆಪಾಸಿಟರ್‌ಗಳನ್ನೆಲ್ಲ ಅಳೆದು, ಎರಡೂ ಚಾನೆಲ್‌ಗೆ 1.48 ನ್ಯಾನೋ ಇರುವ ಜೋಡಿ ಆರಿಸಿದೆ. (ಬೆಸುಗೆಗೆ ಮೊದಲು ಫಿಲ್ಟರ್ ಕೆಪಾಸಿಟರ್ ಖಾಲಿಯಾಗಿದೆಯೇ ಅಂತ ಮೀಟರ್ ಇಟ್ಟು ನೋಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ 250 ವೋಲ್ಟ್ ಉಳಿದಿರಬಹುದು.)

ಅದೇ ರೆಕಾರ್ಡ್ ಮತ್ತೆ ಹಾಕಿದೆ. ಘಟದ ಪೆಟ್ಟು ಬಟ್ಟೆ ಕಳಚಿಕೊಂಡು ಬಂತು. ಪೆಟ್ಟಿನ ಹಿಂದೆ ಉಗುರಿನ ಸದ್ದೂ ಇತ್ತು. ತಂಬೂರಿ ಹಾಡಿನ ಹಿಂದೆ ನಿಂತು ಗುಂಯ್‌ಗುಡತೊಡಗಿತು. ಚಟಪಟ ಸದ್ದೂ ವಾಪಸ್ ಬಂತು, ಬರಲಿ.

ಹಾಗಾದರೆ ವಾಲ್ವ್ ದನಿ ಅಂತ ಏನು ಉಳಿಯಿತು? ಸೂಜಿಯಿಂದ ಬರುವುದೇ 5 ಮಿಲಿವೋಲ್ಟ್ ಆಸುಪಾಸು. ಅಷ್ಟಕ್ಕೆ ಇಸಿಸಿ83 ತನ್ನ ಬಣ್ಣ ಹಚ್ಚುವುದು ಬಹಳ ಕಡಿಮೆ. ಬೆಂಗಳೂರಿನ ಬಿಇಎಲ್‌ನ ಹಳೆಯ ವಾಲ್ವ್ ಹಾಕಿಯೂ ಕೇಳಿದೆ. ಇಂಪಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಿಸ್ (ಹಿನ್ನೆಲೆಯ ‘ಸ್‌ಸ್’ ಸದ್ದು) ಮಾತ್ರ ಒಂದೊಂದರಲ್ಲಿ ಒಂದೊಂದು ಥರ. ಬಲ ಚಾನೆಲ್‌ನ ವಾಲ್ವ್ ಬೆರಳಿನಿಂದ ತಟ್ಟಿದರೆ ಈಗಲೂ ಸ್ಪೀಕರ್‌ನಲ್ಲಿ ಟಿಣ್ ಅನ್ನುತ್ತದೆ. ಅದರ ಸಾಕೆಟ್ ಕೆಳಗೆ ರಬ್ಬರ್ ವಾಷರ್ ಹಾಕುವ ಕೆಲಸ ಈ ಭಾನುವಾರಕ್ಕೆ ಇಟ್ಟುಕೊಂಡಿದ್ದೇನೆ.