ಚಾರ್ಜರ್ ಗುಂಯ್ ಅನ್ನುತ್ತೆ, ಮುಳ್ಳು ಮಾತ್ರ ಏಳಲ್ಲ: ಬ್ರೇಕರ್ ಬದಲಾಯಿಸುವುದು ಹೇಗೆ

ಮಳೆಗಾಲದಲ್ಲಿ ಮೂರು ವಾರ ನಿಂತಿದ್ದ ಕಾರಿನ ಬ್ಯಾಟರಿ ಕುಂತುಬಿಟ್ಟಿತ್ತು. ಹಳೇ ಟ್ರಾನ್ಸ್‌ಫಾರ್ಮರ್ ಚಾರ್ಜರ್ ತೆಗೆದು ಹಾಕಿದೆ. ಗುಂಯ್ ಅಂತು, ಆಂಪಿಯರ್ ಮೀಟರಿನ ಮುಳ್ಳು ಮಾತ್ರ ಸೊನ್ನೆ ಬಿಟ್ಟು ಅಲ್ಲಾಡಲಿಲ್ಲ. ಮುಂದೆ ಒಂದು ಕಪ್ಪು ಗುಂಡಿ ಇದೆ, ಅದೇ ಬ್ರೇಕರ್, ಕರೆಂಟ್ ಹೆಚ್ಚಾದರೆ ತಾನೇ ಕಡಿಯುತ್ತೆ (ಟ್ರಿಪ್ ಆಗುತ್ತೆ). ಅದನ್ನು ಒತ್ತಿದರೆ ಟಕ್ ಅಂತ ಕೂರುತ್ತಲೂ ಇಲ್ಲ, ಸುಮ್ನೆ ಒಳಗೆ ಹೋಗಿ ಹೊರಗೆ ಬರುತ್ತೆ.

ಗುಂಯ್ ಅನ್ನುತ್ತಿದೆ ಅಂದ್ರೆ 230 ವೋಲ್ಟ್ ಟ್ರಾನ್ಸ್‌ಫಾರ್ಮರ್‌ವರೆಗೆ ಬರುತ್ತಿದೆ ಅಂತ ಅರ್ಥ. ತೊಂದರೆ ಅದರಿಂದಾಚೆಗೆ. ಮೊದಲು ಕ್ಲಿಪ್‌ಗಳ ಹಲ್ಲು, ಬ್ಯಾಟರಿ ಟರ್ಮಿನಲ್ ಉಜ್ಜಿ ನೋಡಿ. ಎಷ್ಟೋ ಸಲ ಅಲ್ಲಿನ ಬಿಳಿ ಪುಡಿಯದ್ದೇ ಕಿತಾಪತಿ.

ಆದರೂ ಮುಳ್ಳು ಏಳದಿದ್ದರೆ ಪ್ಲಗ್ ಕಿತ್ತು, ಕ್ಲಿಪ್ ಬಿಚ್ಚಿ, ಡಬ್ಬಿ ತೆರೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಹೊರಗಿರಬೇಕು. ಎಸಿಯನ್ನು ಡಿಸಿ ಮಾಡುವ ಡಯೋಡ್‌ಗಳಿಂದ ಹೊರಟ ದಪ್ಪ ತಂತಿ ಕ್ಲಿಪ್ ಕಡೆ ಹೋಗುವ ದಾರಿಯಲ್ಲಿ ಬ್ರೇಕರ್ ಕೂತಿರುತ್ತೆ. ಒಂದು ಕಡೆಯ ತಂತಿ ಬಿಚ್ಚಿ, ಗುಂಡಿ ಒತ್ತಿಟ್ಟು, ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಎರಡೂ ಕಾಲಿಗೆ ಮುಟ್ಟಿಸಿ. ಕುಯ್ ಅನ್ನಬೇಕು. ನನ್ನದು ಅನ್ನಲಿಲ್ಲ. ಒಂದು ಕಾಲಿನ ಸುತ್ತ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿತ್ತು, ತಂತಿಯ ತುದಿಯ ಚಪ್ಪಟೆ ಸ್ಪೇಡ್ ಕನೆಕ್ಟರ್ ಬೆರಳಲ್ಲಿ ಎಳೆದರೇ ಬಂತು. ಸಡಿಲ ಕನೆಕ್ಟರ್ ಬಿಸಿಯಾಗುತ್ತೆ, ಆ ಬಿಸಿಗೆ ಬ್ರೇಕರ್ ಒಳಗಿನ, ಎರಡು ಲೋಹ ಬೆಸೆದ ಪಟ್ಟಿ ಬಾಗಿ ಬಾಗಿ ಸುಮ್ಮಸುಮ್ಮನೆ ಟ್ರಿಪ್ ಆಗುತ್ತೆ, ಪ್ರತಿ ಸಲ ಕಿಡಿ ಹಾರಿ ಕಾಂಟ್ಯಾಕ್ಟ್ ಸುಡುತ್ತೆ, ಕೊನೆಗೊಂದು ದಿನ ಕೂರುವುದೇ ಇಲ್ಲ.

ಹೊಸದು ತರುವಾಗ ಹಳೆಯದನ್ನು ಜೇಬಲ್ಲಿಟ್ಟುಕೊಂಡು ಹೋಗಿ. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿ ಸಾಲಿನ ಎಸ್.ಪಿ. ರಸ್ತೆ ಇದ್ದೇ ಇದೆ. ಗುಂಡಿ ಇರುವ ಥರ್ಮಲ್ ಬ್ರೇಕರ್ ಅಂತ ಕೇಳಿ. ಮೈಮೇಲೆ ಬರೆದಿರುವ ಆಂಪಿಯರ್ ಹಳೆಯದರಷ್ಟೇ ಇರಬೇಕು. ಡಿಸಿ ವೋಲ್ಟೇಜ್ ಕೂಡ ನೋಡಿ, 32 ವೋಲ್ಟ್ ಡಿಸಿ ಅಂತಿದ್ದರೆ 12 ವೋಲ್ಟ್ ಚಾರ್ಜರಿಗೆ ಸಾಕು. ನನಗೆ ಅಂಗಡಿಯವರು '10ರ ಬದಲು 20 ಹಾಕ್ಕೊಳ್ಳಿ ಸಾರ್, ಟ್ರಿಪ್ಪೇ ಆಗಲ್ಲ' ಅಂದರು. ಟ್ರಿಪ್ ಆಗದಿದ್ದರೆ ಬ್ರೇಕರ್ ಯಾಕೆ ಬೇಕು, ಅಲ್ವಾ? ಆಗ ಸುಡುವುದು ಡಯೋಡು, ಇಲ್ಲಾ ಟ್ರಾನ್ಸ್‌ಫಾರ್ಮರು. ಮನೆಯ ಮೀಟರ್ ಬೋರ್ಡಿನ ಎಂಸಿಬಿಯನ್ನೂ ಇಲ್ಲಿ ತುರುಕಬೇಡಿ, ಅದು ಎಸಿಗೆ ಮಾಡಿದ್ದು.

ಹಾಕುವುದು ಹತ್ತು ನಿಮಿಷದ ಕೆಲಸ. ತಂತಿ ಯಾವುದು ಎಲ್ಲಿತ್ತು ಅಂತ ಮೊಬೈಲಲ್ಲಿ ಫೋಟೋ ಹೊಡೆದಿಡಿ. ಮುಂದಿನ ನಟ್ ಬಿಚ್ಚಿ ಹಳೆಯದನ್ನು ತಳ್ಳಿ, ಹೊಸದನ್ನು ಕೂರಿಸಿ. ಸುಟ್ಟ ಸ್ಪೇಡನ್ನು ಮತ್ತೆ ಬಳಸಬೇಡಿ. ತಂತಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಹೊಸ 6.3 ಮಿ.ಮೀ. ಸ್ಪೇಡ್ ಹಾಕಿ ಕ್ರಿಂಪ್ ಮಾಡಿ (ಅಂದ್ರೆ ತಂತಿಯ ಮೇಲೆ ಬಿಗಿಯಾಗಿ ಅಮುಕಿ), ಎಳೆದು ನೋಡಿ. ಹಾಕುವಾಗ ಸ್ವಲ್ಪ ಒದ್ದಾಡಬೇಕು, ಅಷ್ಟು ಬಿಗಿ ಇರಬೇಕು. ನಾನು ಮೊದಲ ಸಲ ಕಟಿಂಗ್ ಪ್ಲೇಯರಲ್ಲಿ ಅಮುಕಿ ಮುಗಿಸಿದ್ದೆ, ಅರ್ಧ ಗಂಟೆಗೇ ಕೈ ಇಡಲಾಗದಷ್ಟು ಬಿಸಿಯಾಯಿತು. ಕ್ರಿಂಪಿಂಗ್ ಪ್ಲೇಯರ್ ಪಕ್ಕದ ಮನೆಯಿಂದ ತಂದು ಮತ್ತೆ ಮಾಡಿದೆ.

ಡಬ್ಬಿ ಮುಚ್ಚಿದ ಮೇಲೆ ಮೊದಲು ಕ್ಲಿಪ್, ಆಮೇಲೆ ಪ್ಲಗ್. ತೆಗೆಯುವಾಗ ಮೊದಲು ಪ್ಲಗ್. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತೆ, ಅದರ ಹತ್ತಿರ ಕಿಡಿ ಬೇಡ. ನನ್ನದು 7 ಆಂಪಿಯರಲ್ಲಿ ಶುರುವಾಗಿ ಸಂಜೆ ಹೊತ್ತಿಗೆ 2ಕ್ಕೆ ಇಳಿಯಿತು, ಇಳಿಯಲೇಬೇಕು.

ಹೊಸ ಬ್ರೇಕರೂ ಹಾರುತ್ತಿದೆಯಾ, ಅಂದ್ರೆ ಟ್ರಿಪ್ ಆಗುತ್ತಿದೆಯಾ? ಹಾಗಾದರೆ ಪ್ಲಗ್ ಹಾಕದೆ ಬರೀ ಕ್ಲಿಪ್ ಹಾಕಿ ನೋಡಿ. ಆಗಲೂ ಹಾರಿದರೆ ಪ್ಲಸ್ ಮೈನಸ್ ಅದಲುಬದಲಾಗಿದೆ, ಇಲ್ಲಾ ಡಯೋಡ್ ಶಾರ್ಟ್ ಆಗಿದೆ. ಪ್ಲಗ್ ಹಾಕಿದ ಮೇಲಷ್ಟೇ ಹಾರುವುದಾದರೆ ಬೇರೆ ಚೆನ್ನಾಗಿರುವ ಬ್ಯಾಟರಿಗೆ ಹಾಕಿ ನೋಡಿ. ಅಲ್ಲಿ ಸುಮ್ಮನಿದ್ದರೆ ಕೆಟ್ಟಿರುವುದು ನಿಮ್ಮ ಬ್ಯಾಟರಿಯೇ.